ಜ್ವರ ಬಿಟ್ಟಿತೆಂದು ಗುಳಿಗೆ ಬಿಡಬೇಡಿ

ಪ್ರಶ್ನೆ: ನಾನು ಕಾರವಾರದ ಬೈತಖೋಲದವನು. ಮಂಗಳೂರಿಗೆ ಬೋಟ್ ಕೆಲಸಕ್ಕೆ ಹೋದಾಗ ಮಲೇರಿಯಾ ಬಂತು, ವೈವಾಕ್ಸ್ ಅನ್ನುವ ಬಗೆ. ಮೂರು ದಿನಕ್ಕೆ ಜ್ವರ ಬಿಟ್ಟಿತು. ಉಳಿದ ಗುಳಿಗೆ ನುಂಗಲಿಲ್ಲ. ನಾಲ್ಕು ತಿಂಗಳಾದ ಮೇಲೆ ಊರಲ್ಲೇ ಮತ್ತೆ ಬಂದಿದೆ. ಇಲ್ಲಿನ ಸೊಳ್ಳೆ ಕಚ್ಚಿರಬೇಕು, ಅಲ್ವಾ?

ಉತ್ತರ: ಸೊಳ್ಳೆಯ ಮೇಲೆ ಹಾಕುವ ಮುಂಚೆ ಆ ಉಳಿದ ಗುಳಿಗೆ ಲೆಕ್ಕ ಹಾಕಿ. ಮಳೆಗಾಲ ಬಂದರೆ ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ನನಗೆ ನಿಜಕ್ಕೂ ಬೇಜಾರಾಗುತ್ತದೆ, ಯಾಕೆಂದರೆ ಇದು ತಪ್ಪಿಸಬಹುದಾದ ಜ್ವರ.

ಸೊಳ್ಳೆಯಿಂದ ಬಂದ ಪರಾವಲಂಬಿ ಮೊದಲು ಲಿವರಿಗೆ ಹೋಗುತ್ತದೆ. ವೈವಾಕ್ಸ್‌ನಲ್ಲಿ ಕೆಲವು ಅಲ್ಲೇ ಬೆಳೆದು, ಸಾವಿರಾರಾಗಿ ಒಡೆದು ರಕ್ತಕ್ಕೆ ಇಳಿಯುತ್ತವೆ. ಇನ್ನು ಕೆಲವು ಒಂದೇ ಜೀವಕೋಶವಾಗಿ ತಿಂಗಳುಗಟ್ಟಲೆ ಮಲಗಿರುತ್ತವೆ. ರಕ್ತ ಪರೀಕ್ಷೆಯಲ್ಲಿ ಇವು ಕಾಣುವುದಿಲ್ಲ.

ರಕ್ತಕ್ಕೆ ಇಳಿದದ್ದು ಕೆಂಪು ಕಣದೊಳಗೆ ಕೂತು ಹಿಮೋಗ್ಲೋಬಿನ್ ತಿನ್ನುತ್ತದೆ. ಅದಕ್ಕೊಂದು ಹೊಟ್ಟೆಯಂಥ ಚೀಲ ಇದೆ, ಆಹಾರ ಕೋಶ ಅಂತ. ಹಿಮೋಗ್ಲೋಬಿನ್ ಜೀರ್ಣವಾದಾಗ ಹೀಮ್ ಉಳಿಯುತ್ತದೆ. ಅದು ಪರಾವಲಂಬಿಗೇ ವಿಷ. ಹಾಗಾಗಿ ಅದನ್ನು ಹರಳು ಮಾಡಿ ಕಟ್ಟಿಡುತ್ತದೆ. ಮೈಕ್ರೋಸ್ಕೋಪಿನಲ್ಲಿ ಕಾಣುವ ಕಂದು ಚುಕ್ಕೆಗಳು ಅವೇ. ಜ್ವರ ಇಳಿಸಲು ಕೊಡುವ ಕ್ಲೋರೋಕ್ವಿನ್ ಗುಳಿಗೆ ಆ ಚೀಲಕ್ಕೆ ನುಗ್ಗಿ ಹರಳು ಕಟ್ಟದಂತೆ ತಡೆಯುತ್ತದೆ. ತಿಂದದ್ದೇ ವಿಷವಾಗಿ ಪರಾವಲಂಬಿ ಸಾಯುತ್ತದೆ, ಜ್ವರ ಇಳಿಯುತ್ತದೆ.

ಲಿವರಿನಲ್ಲಿ ಮಲಗಿದ್ದಕ್ಕೆ ತಿನ್ನಲು ಹಿಮೋಗ್ಲೋಬಿನ್ ಇಲ್ಲ. ಹೀಮ್ ಇಲ್ಲ, ಹರಳೂ ಇಲ್ಲ. ಕ್ಲೋರೋಕ್ವಿನ್ ತಡೆಯುವುದಾದರೂ ಏನನ್ನು? ಅದನ್ನು ಕೊಲ್ಲಲೆಂದೇ 14 ದಿನದ ಪ್ರೈಮಾಕ್ವಿನ್ ಗುಳಿಗೆ ಬರೆದಿರುತ್ತಾರೆ. ನೀವು ಬಿಟ್ಟದ್ದು ಬಹುಶಃ ಅದನ್ನೇ. ಹಾಗಾಗಿ ಮಲಗಿದ್ದದ್ದೇ ಎದ್ದು ಮತ್ತೆ ಜ್ವರ ತಂದಿರಬಹುದು.

ಈಗ ಹೊಸದಾಗಿ ರಕ್ತ ಪರೀಕ್ಷೆ ಮಾಡಿಸಿ, ಪೂರ್ತಿ ಚಿಕಿತ್ಸೆ ತಗೊಳ್ಳಿ. ಹಳೇ ಗುಳಿಗೆ ಹುಡುಕಿ ನುಂಗಬೇಡಿ. ಕೆಂಪು ರಕ್ತಕಣವನ್ನು ಕಾಯುವ ಜಿ-6-ಪಿ-ಡಿ ಎಂಬ ಕಿಣ್ವದ ಕೊರತೆ ಇದ್ದವರಿಗೆ ಪ್ರೈಮಾಕ್ವಿನ್ ರಕ್ತಕಣ ಒಡೆಯುತ್ತದೆ, ಗರ್ಭಿಣಿಯರಿಗೆ ಕೊಡುವುದೇ ಇಲ್ಲ. ಆ ಕೊರತೆಯ ಪರೀಕ್ಷೆ ಆಗದೆ ಪ್ರೈಮಾಕ್ವಿನ್ ಶುರು ಮಾಡುವುದು ನನಗೆ ಇಷ್ಟವಿಲ್ಲ. ಮೂತ್ರ ಕಡು ಚಹಾದ ಬಣ್ಣಕ್ಕೆ ತಿರುಗಿದರೆ ಗುಳಿಗೆ ನಿಲ್ಲಿಸಿ, ಅವತ್ತೇ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ಮಲೇರಿಯಾಕ್ಕೆ ಪಪ್ಪಾಯಿ ಎಲೆ, ಅಮೃತಬಳ್ಳಿ ಕಷಾಯ ಸಾಕಾಗುವುದಿಲ್ಲವೇ? (ಕುಮಟಾ)

ಉತ್ತರ: ಇಲ್ಲ. ಕಷಾಯ ನಂಬಿ ಕಳೆದ ಎರಡು ದಿನದಲ್ಲಿ ಫಾಲ್ಸಿಪೇರಂ ಎಂಬ ಇನ್ನೊಂದು ಬಗೆಯ ಮಲೇರಿಯಾ ಮಿದುಳಿಗೆ ಏರಬಹುದು. ರಕ್ತ ನೋಡದೇ 'ಮಲೇರಿಯಾ ಇಂಜೆಕ್ಷನ್' ಚುಚ್ಚಿ ಸಲೈನ್ ಏರಿಸುವವರ ಹತ್ತಿರವೂ ಹೋಗಬೇಡಿ.

ಪ್ರಶ್ನೆ: ಮಂಗನ ಕಾಯಿಲೆಯೂ ಸೊಳ್ಳೆಯಿಂದಲೇ ಬರುತ್ತದಾ? (ಶಿರಸಿ)

ಉತ್ತರ: ಅದು ವೈರಸ್, ಉಣುಗಿನಿಂದ ಬರುತ್ತದೆ. ಸೊಳ್ಳೆ ಪರದೆ ಅದಕ್ಕೆ ಉಪಯೋಗವಿಲ್ಲ.