ಮೂವತ್ತು ಮನೆಯ ಊರಲ್ಲಿ ಮೂವರು

ಪತ್ರ: ನಮ್ಮದು ಹೊಸನಗರ ತಾಲ್ಲೂಕಿನ ಒಳಗಿನ ಊರು. ಮೂವತ್ತು ಮನೆ ಇರಬಹುದು. ಮೂವರಿಗೆ ಮಾನಸಿಕ ಕಾಯಿಲೆ. ಜಾಗದ ದೋಷ ಎಂದು ಅಷ್ಟಮಂಗಲ ಪ್ರಶ್ನೆ ಇಡಿಸುವ ಮಾತು ನಡೆದಿದೆ. ಸಂಬಂಧದಲ್ಲೇ ಮದುವೆಯಾಗಿ ಹೀಗಾಯಿತು ಅನ್ನುವವರೂ ಇದ್ದಾರೆ. ಮೂಲೆಯ ಊರುಗಳಲ್ಲಿ ಇದು ಜಾಸ್ತಿಯೇ?
– ಹೆಸರು ಬೇಡವೆಂದ ಓದುಗರು

ಸಂಪಾದಕರ ಉತ್ತರ: ಮೂವರು ಜಾಸ್ತಿ ಅಂತ ನಿಮಗೆ ಅನ್ನಿಸಿದೆ. 2015-16ರಲ್ಲಿ ನಿಮ್ಹಾನ್ಸ್ 12 ರಾಜ್ಯಗಳಲ್ಲಿ ಸಮೀಕ್ಷೆ ನಡೆಸಿತು (ಕರ್ನಾಟಕ ಅದರಲ್ಲಿ ಇರಲಿಲ್ಲ). ಹಳ್ಳಿಗಳಲ್ಲಿ 100 ವಯಸ್ಕರಲ್ಲಿ ಸುಮಾರು 7 ಮಂದಿಗೆ ಏನಾದರೊಂದು ಮಾನಸಿಕ ತೊಂದರೆ ಇತ್ತು. ಮಹಾನಗರಗಳಲ್ಲಿ ಅದು 13-14ರ ಹತ್ತಿರ. ನಿಮ್ಮೂರಲ್ಲಿ ಎಂಬತ್ತು ವಯಸ್ಕರಿದ್ದರೆ ಐದಾರು ಜನರಿರಬೇಕು. ಉಳಿದವರು ನಿದ್ದೆಗೆಟ್ಟೋ, ಕುಡಿದೋ, ಅಡಿಕೆ ಕೊಯ್ಲಿಗೆ ಹೋಗಿಬರುತ್ತಾ ಇದ್ದಾರು. ಅವರನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ, ಅಲ್ವಾ?

ಮೂವರದೂ ಸ್ಕಿಜೋಫ್ರೇನಿಯಾದಂಥ (ಇಲ್ಲದ ದನಿ ಕೇಳಿಸುವ, ಇಲ್ಲದ್ದನ್ನು ನಿಜವೆಂದು ನಂಬಿಸುವ) ದೊಡ್ಡ ಕಾಯಿಲೆಯಾಗಿದ್ದರೆ ಮಾತು ಬೇರೆ. ಅದು 100ರಲ್ಲಿ ಒಬ್ಬರಿಗೆ ಬಂದೀತು ಅಷ್ಟೆ. ಆದರೆ ಅಪ್ಪನಿಗೋ ಅಮ್ಮನಿಗೋ ಇದ್ದರೆ ಮಕ್ಕಳಿಗೆ ಬರುವ ಸಾಧ್ಯತೆ ಸುಮಾರು ಹತ್ತು ಪಟ್ಟು. ಮೂವರೂ ಒಂದೇ ಮನೆತನದವರೋ ಎಂದು ನೀವು ಬರೆದಿಲ್ಲ.

ಪ್ರತ್ಯೇಕವಾಗಿ ಬದುಕಿದ ಜನರಲ್ಲಿ ಎರಡೂ ಬಗೆ ಕಂಡಿದೆ. ಫಿನ್ಲೆಂಡಿನ ಕುಸಾಮೊ ಎಂಬಲ್ಲಿ ಸುಮಾರು 300 ವರ್ಷದ ಹಿಂದೆ ಕೆಲವೇ ಕುಟುಂಬಗಳು ನೆಲೆಸಿದವು. ಹೊರಗಿನ ರಕ್ತ ಬೆರೆತದ್ದು ಕಡಿಮೆ. ಅಲ್ಲಿ ಸ್ಕಿಜೋಫ್ರೇನಿಯಾ ದೇಶದ ಉಳಿದ ಕಡೆಗಿಂತ ದುಪ್ಪಟ್ಟಿಗೂ ಹೆಚ್ಚು. ಅಮೆರಿಕ, ಕೆನಡಾಗಳಲ್ಲಿ ಹಟರೈಟ್ ಎಂಬ ಕ್ರೈಸ್ತ ಪಂಗಡವಿದೆ. ಒಟ್ಟಿಗೆ ಉಳುಮೆ, ಒಟ್ಟಿಗೆ ಊಟ. ಅವರಲ್ಲಿ ಮನೋರೋಗವೇ ಇಲ್ಲ ಎಂದು ಜನ ನಂಬಿದ್ದರು. 1950ರ ದಶಕದಲ್ಲಿ ಸಂಶೋಧಕರು ಹೋಗಿ ನೋಡಿದರು. 8,542 ಜನರಲ್ಲಿ 53 ಮಂದಿಗೆ ತೀವ್ರ ಕಾಯಿಲೆ ಬಂದಿತ್ತು. ಅದರಲ್ಲಿ ಸ್ಕಿಜೋಫ್ರೇನಿಯಾ 9 ಮಾತ್ರ. 39 ಮಂದಿಗೆ ಖಿನ್ನತೆ-ಉನ್ಮಾದದ ಬಗೆ. ಹಾಗಾಗಿ ಮೂಲೆಯ ಊರು ಎಂದಮಾತ್ರಕ್ಕೆ ಕಾಯಿಲೆ ಹೆಚ್ಚು ಎನ್ನಲು ಬರುವುದಿಲ್ಲ. ಯಾವ ಕಾಯಿಲೆ, ಯಾರ ಪೂರ್ವಿಕರಿಂದ ಬಂತು ಎಂಬುದರ ಮೇಲಿದೆ. ಮಲೆನಾಡು ಕುಸಾಮೊದಂತೆ ಮುಚ್ಚಿದ ಊರೂ ಅಲ್ಲ. ಸೋದರಮಾವನ ಮಗಳನ್ನು ತರುವುದು ಉಂಟು, ನಿಜ. ಆದರೆ ಸೊಸೆಯಂದಿರು ಶಿರಸಿಯಿಂದ, ಕೊಪ್ಪದಿಂದಲೂ ಬರುತ್ತಾರೆ.

ಜಾಗದ ದೋಷದ ಮಾತಿಗೆ ನನ್ನ ಬಳಿ ತಾಳ್ಮೆ ಕಡಿಮೆ. ಪ್ರಶ್ನೆ ಇಡಿಸುವವರು ಇಡಿಸಲಿ. ಅದು ಮುಗಿಯಲಿ ಎಂದು ಔಷಧಿ ಮುಂದೆ ಹಾಕುವುದು ಮಾತ್ರ ಬೇಡ.

ನಿಮ್ಮ ಪಕ್ಕದ ತೀರ್ಥಹಳ್ಳಿಯನ್ನೇ ನೋಡಿ. ಅಲ್ಲಿ ನಿಮ್ಹಾನ್ಸ್ ವೈದ್ಯರು 2005ರಿಂದ ತಾಲ್ಲೂಕಿನ ಸ್ಕಿಜೋಫ್ರೇನಿಯಾ ರೋಗಿಗಳನ್ನು ಹುಡುಕಿ ಚಿಕಿತ್ಸೆ ಕೊಡಿಸುವ ಕೆಲಸ ಮಾಡಿದರು. ಮಾತ್ರೆ ತಪ್ಪದೆ ತಗೊಂಡವರಲ್ಲಿ ಎಷ್ಟೋ ಮಂದಿ ಮತ್ತೆ ಕೆಲಸಕ್ಕೆ ಹೋದರು.

ಸರ್ಕಾರದ ಮನೋಚೈತನ್ಯ ಯೋಜನೆಯಲ್ಲಿ ಮನೋವೈದ್ಯರು ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಬರುವ ವ್ಯವಸ್ಥೆ ಇದೆ. ಯಾವ ಮಂಗಳವಾರ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿ. ಅಷ್ಟರೊಳಗೆ ಮಾತಾಡಬೇಕೆನಿಸಿದರೆ ಸರ್ಕಾರದ ಸಹಾಯವಾಣಿ ಟೆಲಿ-ಮಾನಸ್ 14416. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ನಿಮ್ಮೂರಲ್ಲಿ ನೆಟ್‌ವರ್ಕ್ ಸಿಗುವ ಗುಡ್ಡ ಯಾವುದೆಂದು ನಿಮಗೇ ಗೊತ್ತು.