ಎಂಟ್ರಿ ಆಯಿತು, ಕನ್ನಡಕ ಬರಲಿಲ್ಲ

ಮೇಷ್ಟ್ರೇ, ನಿಮ್ಮ ಪತ್ರ ಓದಿದೆ. ಶಾಲೆಯ ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕುವುದಿಲ್ಲ.

ಬೇರೆ ಓದುಗರಿಗಾಗಿ ವಿಷಯ ಇಷ್ಟು. ಇವರ ಐದನೇ ಕ್ಲಾಸಿನ ಹುಡುಗಿಯೊಬ್ಬಳಿಗೆ ಬೋರ್ಡು ಕಾಣುವುದಿಲ್ಲ. ಅವಳು ಮೂರನೇ ಕ್ಲಾಸಿನಲ್ಲಿದ್ದಾಗಲೇ ತಪಾಸಣೆಗೆ ಬಂದ ಡಾಕ್ಟರು 'ದೃಷ್ಟಿದೋಷ' ಎಂದು ಕಾರ್ಡಿನಲ್ಲಿ ಬರೆದು ಹೋದರು. ಮರುವರ್ಷ ಬಂದವರು ಬೇರೆಯವರು, ಅವರೂ ಅದನ್ನೇ ಬರೆದರು. ಈ ವರ್ಷ ಟ್ಯಾಬ್‌ನಲ್ಲಿ ಬರೆದುಕೊಂಡರು. ಕನ್ನಡಕ ಮಾತ್ರ ಬಂದಿಲ್ಲ. 'ಡಿಜಿಟಲ್ ಅಂದರೆ ನನಗೆ ಇನ್ನೊಂದು ಎಂಟ್ರಿ ಕೆಲಸ, ಅಷ್ಟೇ ಅಲ್ವಾ?' ಎಂದು ಮೇಷ್ಟ್ರು ಕೇಳಿದ್ದಾರೆ.

ನಿಮ್ಮ ಸಿಟ್ಟು ಸರಿಯೇ. ಆದರೆ ಟ್ಯಾಬ್ ಮೇಲೆ ತೀರಿಸಿಕೊಳ್ಳಬೇಡಿ.

ಈ ತಪಾಸಣೆ ನಡೆಯುವುದು ಆರ್‌ಬಿಎಸ್‌ಕೆ, ಅಂದರೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ. ಅದು ಶುರುವಾಗಿದ್ದು 2013ರಲ್ಲಿ. ಹುಟ್ಟಿದ ಮಗುವಿನಿಂದ 18 ವರ್ಷದವರೆಗಿನ ಮಕ್ಕಳಿಗಾಗಿ ಇರುವ ಯೋಜನೆ ಅದು. ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಮತ್ತು ಅನುದಾನಿತ ಶಾಲೆಗೆ ಒಂದು ಸಲ ತಂಡ ಬರಬೇಕು. ತಂಡದಲ್ಲಿ ಇಬ್ಬರು ಆಯುಷ್ ಡಾಕ್ಟರು, ಒಬ್ಬ ನರ್ಸ್, ಒಬ್ಬ ಫಾರ್ಮಸಿಸ್ಟ್. ಕಣ್ಣು, ಕಿವಿ, ಹಲ್ಲು, ಚರ್ಮ, ರಕ್ತಹೀನತೆ, ಹೃದಯ ಎಲ್ಲ ನೋಡಬೇಕು, ಸಾಲು ಬೇರೆ ಉದ್ದ ಇರುತ್ತದೆ. ಹೋದ ವರ್ಷದ ಪುಟ ಕೈಯಲ್ಲಿ ಇಲ್ಲದಿದ್ದರೆ ಆ ಡಾಕ್ಟರಿಗೆ ಪ್ರತಿ ಮಗುವೂ ಹೊಸ ಮಗುವೇ. ಒಂಬತ್ತು ವರ್ಷದ ಹುಡುಗ 22 ಕೆಜಿ ಇದ್ದಾನೆ ಅಂದರೆ ಏನೂ ತಿಳಿಯುವುದಿಲ್ಲ, ಸಣ್ಣ ಮೈಕಟ್ಟು ಇರಬಹುದು. ಹೋದ ವರ್ಷವೂ 22 ಇದ್ದ ಎಂದು ಪಕ್ಕದಲ್ಲೇ ಕಂಡರೆ ಯಾರಾದರೂ ಒಂದು ನಿಮಿಷ ನಿಲ್ಲುತ್ತಾರೆ. ಡಿಜಿಟಲ್ ದಾಖಲೆಯಿಂದ ನನಗೆ ಬೇಕಾದದ್ದು ಈ ಪಕ್ಕದ ಅಂಕಿ. ಜೊತೆಗೆ ಇನ್ನೊಂದು ಪಟ್ಟಿ: ಹೋದ ಸಲ ಆಸ್ಪತ್ರೆಗೆ ಹೋಗಿ ಎಂದು ಚೀಟಿ ಕೊಟ್ಟವರಲ್ಲಿ ಇನ್ನೂ ಹೋಗದವರು ಯಾರು?

ನಮ್ಮಲ್ಲಿ ಕೊಟ್ಟದ್ದಕ್ಕೆ ಲೆಕ್ಕ ಇದೆ, ಆದದ್ದಕ್ಕೆ ಇಲ್ಲ. ವಾರಕ್ಕೊಂದು ನೀಲಿ ಕಬ್ಬಿಣಾಂಶದ ಮಾತ್ರೆ ಎಷ್ಟು ಮಕ್ಕಳು ನುಂಗಿದರು ಎಂದು ನಿಮ್ಮನ್ನು ಕೇಳುತ್ತಾರೆ. ಹಿಮೋಗ್ಲೋಬಿನ್ ಏರಿತಾ ಎಂದು ಯಾರಾದರೂ ಕೇಳಿದ್ದಾರಾ?

ಗುಳೆ ಹೋಗುವ ಮನೆಯ ಮಕ್ಕಳದ್ದು ಇನ್ನೂ ಕಷ್ಟ. ರಾಯಚೂರಿನ ಕಡೆಯಿಂದ ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ ಬಂದವರ ಮಗುವಿನ ಜೊತೆ ಟಿಸಿ ಬರುತ್ತದೆ, ಶಿಕ್ಷಣ ಇಲಾಖೆ ಪ್ರತಿ ವಿದ್ಯಾರ್ಥಿಗೆ ಕೊಡುವ ಸ್ಯಾಟ್ಸ್ ನಂಬರ್ ಬರುತ್ತದೆ. ಆರೋಗ್ಯದ ಕಾರ್ಡು ಹಳೇ ಶಾಲೆಯ ಬೀರುವಿನಲ್ಲೇ ಉಳಿಯುತ್ತದೆ. 2021ರಿಂದ ದೇಶದಲ್ಲೆಲ್ಲ ಕೊಡುತ್ತಿರುವ 14 ಅಂಕಿಯ ಆಭಾ ನಂಬರ್, ಅಂದರೆ ಆರೋಗ್ಯ ದಾಖಲೆಗಳನ್ನು ಜೋಡಿಸುವ ಗುರುತಿನ ಸಂಖ್ಯೆ, ಇಂಥ ಕಡೆ ಕೆಲಸಕ್ಕೆ ಬರಬೇಕಿತ್ತು. ಆದರೆ ಅಪ್ಪನ ಫೋನ್ ಅಪ್ಪನ ಜೊತೆ ಸೈಟಿನಲ್ಲಿರುತ್ತದೆ, ಓಟಿಪಿ ಹೋಗುವುದೂ ಅಲ್ಲಿಗೇ!

ಹಾಗಂತ ಅಪ್ಪ ಅಮ್ಮನನ್ನು ಕೇಳದೆ ಸುಮ್ನೆ ಮಾಡಿ ಮುಗಿಸುವ ಹಾಗಿಲ್ಲ. 18ರೊಳಗಿನವರ ಮಾಹಿತಿಗೆ ಪೋಷಕರ ಒಪ್ಪಿಗೆ ಬೇಕು ಎಂದು ವೈಯಕ್ತಿಕ ಮಾಹಿತಿ ರಕ್ಷಣೆಯ 2023ರ ಕಾನೂನೇ ಹೇಳುತ್ತದೆ. ನಾನು ಶಾಲೆಯಲ್ಲಿದ್ದಾಗ ತೂಕ ನೋಡಿ ಎಲ್ಲರೆದುರು ಗಟ್ಟಿಯಾಗಿ ಕೂಗುತ್ತಿದ್ದರು, ಆ ವರ್ಷವಿಡೀ ನನ್ನ ಹೆಸರು 'ಕಡ್ಡಿ'. ಈಗ ಅದೇ ಪಟ್ಟಿ ವಾಟ್ಸ್‌ಆ್ಯಪ್ ಗ್ರೂಪಿಗೆ ಬಿದ್ದರೆ? ಒಂದು ಮಗುವಿಗೆ ಫಿಟ್ಸ್ ಬರುತ್ತದೆ ಅಂದರೆ, ಬಂದಾಗ ಏನು ಮಾಡಬೇಕು ಎಂಬುದು ಕ್ಲಾಸ್ ಟೀಚರಿಗೆ ಗೊತ್ತಿರಬೇಕು. ಪೂರ್ತಿ ರಿಪೋರ್ಟ್ ಬೇಕಿಲ್ಲ.

ನಿಮ್ಮ ಕೆಲಸದ ಹೊರೆ ಬಗ್ಗೆ ಹೇಳುವುದಾದರೆ, ಎಂಟ್ರಿ ಮಾಡಬೇಕಾದವರು ತಪಾಸಣೆ ಮಾಡಿದವರೇ. ನಿಮಗೆ ಬರಬೇಕಾದದ್ದು ಚಿಕ್ಕ ಪಟ್ಟಿ, ಈ ನಾಲ್ಕು ಮಕ್ಕಳ ಮನೆಯವರಿಗೆ ನೆನಪು ಮಾಡಿ ಎಂದು. ಅದಕ್ಕಿಂತ ಜಾಸ್ತಿ ಕೇಳಿದರೆ ಜಗಳ ಮಾಡಿ, ನಾನೂ ನಿಮ್ಮ ಜೊತೆ ಬರೆಯುತ್ತೇನೆ.

ಪಟ್ಟಿ ಬರುವವರೆಗೆ ಕಾಯಬೇಡಿ. ಚೀಟಿ ಹಿಡಿದು ಹುಡುಗಿಯನ್ನು ಅಮ್ಮನ ಜೊತೆ ತಾಲ್ಲೂಕು ಆಸ್ಪತ್ರೆಯ ಕಣ್ಣಿನ ವಿಭಾಗಕ್ಕೆ ಕಳಿಸಿ. ಶಾಲಾ ಮಕ್ಕಳಿಗೆ ಉಚಿತ ಕನ್ನಡಕ ಕೊಡುವ ಸರ್ಕಾರಿ ಯೋಜನೆ ಇದೆ, ಕೇಳಿ ಪಡೆಯಿರಿ. ಅಲ್ಲಿಯವರೆಗೆ ಅವಳನ್ನು ಮುಂದಿನ ಬೆಂಚಿಗೆ ಕೂರಿಸಿದ್ದೀರಿ ತಾನೆ? ಪತ್ರದಲ್ಲಿ ಅದನ್ನು ಬರೆದಿಲ್ಲ.