ಜಪಾನೀಯರ ಬಗ್ಗೆ ಸಮೀಕ್ಷೆಗಳು ಹೇಳುವುದನ್ನು ಎಷ್ಟು ನಂಬಬಹುದು?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಹೀಗೆ. ತಂಗಿ ಕೆಲಸಕ್ಕೆಂದು ಜಪಾನಿಗೆ ಹೊರಟಿದ್ದಾಳೆ. "ಜಪಾನೀಯರು ಹೀಗಂತೆ, ಹಾಗಂತೆ" ಎಂದು ಸಮೀಕ್ಷೆಗಳ ಹೆಸರಿನಲ್ಲಿ ದಿನಕ್ಕೊಂದು ಸುದ್ದಿ ಕಣ್ಣಿಗೆ ಬೀಳುತ್ತಿದೆ. ಇವುಗಳಿಂದ ಅಲ್ಲಿನವರ ದಿನನಿತ್ಯದ ಬದುಕು ನಿಜವಾಗಿ ತಿಳಿಯುತ್ತದೆಯೇ ಎಂದು ಕೇಳಿದ್ದೀರಿ.

ತಿಳಿಯುತ್ತದೆ, ಚೆನ್ನಾಗಿಯೇ ತಿಳಿಯುತ್ತದೆ. ಆದರೆ ಒಂದು ವರ್ಷದ ಒಂದು ಅಂಕಿ ಹಿಡಿದುಕೊಂಡು "ಇದೇ ಜಪಾನೀಯರ ಗುಣ" ಎಂದರೆ ದಾರಿ ತಪ್ಪುತ್ತೀರಿ. ಅದೇ ಪ್ರಶ್ನೆಯನ್ನು ಹತ್ತಾರು ವರ್ಷ ಮತ್ತೆ ಮತ್ತೆ ಕೇಳಿದಾಗ ಉತ್ತರ ಎತ್ತ ಸರಿಯಿತು ಎಂದು ನೋಡಬೇಕು. ಜಪಾನಿನಲ್ಲಿ ಅಂಥ ಸಮೀಕ್ಷೆಗಳು ಧಾರಾಳವಾಗಿವೆ. ನಾನು ಬೆಂಗಳೂರಿನಲ್ಲಿ ಜಪಾನಿ ಭಾಷೆಯ ಅನುವಾದಕಿ. ಈ ಕೋಷ್ಟಕಗಳನ್ನು ಓದುವುದು ನನಗೆ ತುಂಬಾ ಇಷ್ಟದ ಕೆಲಸ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು ಇವು ಹೇಗೆ ನಡೆಯುತ್ತವೆ ಎಂದು ಹೇಳಿಬಿಡುತ್ತೇನೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಮೆರಿಕದ ಆಡಳಿತ ಇದ್ದಾಗ ಒಂದು ವಾದ ಎದ್ದಿತ್ತು. ಜಪಾನಿ ಲಿಪಿ ಕಷ್ಟ, ಅದರಿಂದಾಗಿ ಜನಕ್ಕೆ ಓದಲು ಬರೆಯಲು ಬರುತ್ತಿಲ್ಲ, ರೋಮನ್ ಲಿಪಿ ತರೋಣ ಎಂಬುದು ಆ ವಾದ. ಅದನ್ನು ಪರೀಕ್ಷಿಸಲು 1948ರಲ್ಲಿ ದೇಶದ ಉದ್ದಗಲಕ್ಕೂ ಜನರನ್ನು ಚೀಟಿ ಎತ್ತಿದ ಹಾಗೆ ಆರಿಸಿ ಓದು ಬರಹದ ಪರೀಕ್ಷೆ ಮಾಡಿದರು. ಓದು ಬರಹ ಬಾರದವರು ನೂರಕ್ಕೆ ಎರಡರಷ್ಟು ಮಾತ್ರ ಸಿಕ್ಕರು. ಹಾಗೆ ಜನರನ್ನು ಆರಿಸುವ ವಿಧಾನ ಬೇರೂರಿತು. ಆ ಕೆಲಸದಲ್ಲಿದ್ದ ಸಂಖ್ಯಾಶಾಸ್ತ್ರಜ್ಞ ಹಯಾಶಿ ಚಿಕಿಯೊ ಮತ್ತು ಜೊತೆಗಾರರು 1953ರಲ್ಲಿ 'ಜಪಾನೀಯರ ರಾಷ್ಟ್ರೀಯ ಗುಣ' ಎಂಬ ಸಮೀಕ್ಷೆ ಶುರುಮಾಡಿದರು. ಅಲ್ಲಿಂದ ಐದು ವರ್ಷಕ್ಕೊಮ್ಮೆ ಅದು ನಡೆಯುತ್ತಲೇ ಬಂದಿದೆ. ಸರ್ಕಾರ 1958ರಿಂದ ಜನಜೀವನದ ಬಗ್ಗೆ ಹೆಚ್ಚುಕಡಿಮೆ ಪ್ರತಿವರ್ಷ ಕೇಳುತ್ತದೆ. ಅಲ್ಲಿನ ಸಾರ್ವಜನಿಕ ಪ್ರಸಾರ ಸಂಸ್ಥೆ ಎನ್‌ಎಚ್‌ಕೆ 1973ರಿಂದ ಐದು ವರ್ಷಕ್ಕೊಮ್ಮೆ ಜನರ ಮನೋಭಾವ ಕೇಳುತ್ತಿದೆ. ಇಂಥ ಸಮೀಕ್ಷೆಗಳಲ್ಲಿ ನಿವಾಸಿಗಳ ಪಟ್ಟಿಯಿಂದ ಹೆಸರು ಆರಿಸಿ, ಆ ವ್ಯಕ್ತಿಯನ್ನೇ ಹುಡುಕಿಕೊಂಡು ಮನೆಗೆ ಹೋಗುವುದು ಹಳೆಯ ಕ್ರಮ. ಈಚೆಗೆ ಅಂಚೆಯಲ್ಲಿ ಕಳಿಸುವುದು ಜಾಸ್ತಿಯಾಗಿದೆ. ರಸ್ತೆಯಲ್ಲಿ ಸಿಕ್ಕವರನ್ನು, ಇಂಟರ್‌ನೆಟ್‌ನಲ್ಲಿ ಕೈಗೆ ಬಂದವರನ್ನು ಕೇಳಿ ಬರೆದ ಸುದ್ದಿಗೂ ಇದಕ್ಕೂ ತುಂಬಾ ದೂರ.

ಈಗ ರಾಷ್ಟ್ರೀಯ ಗುಣದ ಸಮೀಕ್ಷೆಯಲ್ಲಿ ನನಗೆ ಬಹಳ ಇಷ್ಟವಾದ ಪ್ರಶ್ನೆಗೆ ಬರುತ್ತೇನೆ. "ಇನ್ನೊಂದು ಜನ್ಮ ಇದ್ದರೆ ಗಂಡಾಗಿ ಹುಟ್ಟುತ್ತೀರೋ, ಹೆಣ್ಣಾಗಿ ಹುಟ್ಟುತ್ತೀರೋ?" 1958ರಲ್ಲಿ ಹೆಣ್ಣಾಗಿಯೇ ಹುಟ್ಟುತ್ತೇನೆ ಎಂದ ಹೆಂಗಸರು ಶೇ 27 ಮಾತ್ರ. ಶೇ 64ರಷ್ಟು ಹೆಂಗಸರು ಗಂಡಾಗಬೇಕು ಎಂದಿದ್ದರು. 2013ರ ಹೊತ್ತಿಗೆ ಹೆಣ್ಣಾಗಿಯೇ ಹುಟ್ಟುತ್ತೇನೆ ಎಂದವರು ಶೇ 71. ಗಂಡಸರ ಉತ್ತರ ಮಾತ್ರ ಅಷ್ಟೂ ವರ್ಷ ಅಲುಗಲಿಲ್ಲ. ಹತ್ತರಲ್ಲಿ ಒಂಬತ್ತು ಜನ ಗಂಡಾಗಿಯೇ ಇರುತ್ತೇವೆ ಎಂದರು. ಹೆಂಗಸರ ಸ್ಥಾನಮಾನದ ಬಗ್ಗೆ ಎಷ್ಟೋ ಪುಟ ಓದಿದರೂ ನನಗೆ ಇಷ್ಟು ನೇರವಾಗಿ ಮನಸ್ಸಿಗೆ ತಟ್ಟಿದ್ದು ಇನ್ನೊಂದಿಲ್ಲ. 1958ರಲ್ಲಿ ಆ ಪ್ರಶ್ನೆಗೆ ಉತ್ತರ ಕೊಟ್ಟ ಹೆಂಗಸರು ಯುದ್ಧವನ್ನೂ ಹಸಿವನ್ನೂ ದಾಟಿ ಬಂದವರು. ಅತ್ತೆಮನೆಯ ಅಡುಗೆಮನೆಯಲ್ಲಿ ದಿನ ಕಳೆದವರು. ಅವರಿಗೆ ಸಿಗದ ಎಷ್ಟೋ ವಿಷಯಗಳು ಅವರ ಮಕ್ಕಳು, ಮೊಮ್ಮಕ್ಕಳಿಗೆ ಸಿಕ್ಕವು ಎಂದು ನಾನು ಇದನ್ನು ಓದಿಕೊಳ್ಳುತ್ತೇನೆ.

ಹಾಗಂತ ಮನೆಯೊಳಗೆ ಎಲ್ಲ ಸರಿಹೋಗಿದೆ ಅಂದುಕೊಳ್ಳಬೇಡಿ. "ಗಂಡ ಹೊರಗೆ ದುಡಿಯಬೇಕು, ಹೆಂಡತಿ ಮನೆ ನೋಡಿಕೊಳ್ಳಬೇಕು" ಎಂಬ ಮಾತನ್ನು 1979ರಲ್ಲಿ ಸರ್ಕಾರ ಜನರ ಮುಂದಿಟ್ಟಾಗ ಶೇ 72.6 ಜನ ಹೌದು ಎಂದರು. 2022ರಲ್ಲಿ ಹೌದು ಎಂದವರು ಶೇ 33.5. ಎನ್‌ಎಚ್‌ಕೆ ಸಮೀಕ್ಷೆಯಲ್ಲೂ ಹಾಗೆಯೇ. ಗಂಡ ಅಡುಗೆ ಕೆಲಸಕ್ಕೆ, ಮಗು ನೋಡಿಕೊಳ್ಳುವುದಕ್ಕೆ ಕೈಹಾಕುವುದು ಸಹಜ ಎಂದವರು 1973ರಲ್ಲಿ ಶೇ 53, 2018ರಲ್ಲಿ ಶೇ 89. ಓದಿದರೆ ಖುಷಿಯಾಗುತ್ತದೆ, ಅಲ್ವಾ?

ಈಗ ಇದರ ಪಕ್ಕದಲ್ಲಿ ಇನ್ನೊಂದು ಸಮೀಕ್ಷೆ ಇಡಿ. ಜಪಾನಿನ ಅಂಕಿಅಂಶ ಇಲಾಖೆ ಐದು ವರ್ಷಕ್ಕೊಮ್ಮೆ ಜನರ ಕೈಗೆ ದಿನಚರಿ ಹಾಳೆ ಕೊಡುತ್ತದೆ. ಹದಿನೈದು ಹದಿನೈದು ನಿಮಿಷಕ್ಕೆ ಏನು ಮಾಡುತ್ತಿದ್ದಿರಿ ಎಂದು ಬರೆಯಬೇಕು. ಇಲ್ಲಿ ಅಭಿಪ್ರಾಯ ಕೇಳುವುದಿಲ್ಲ, ಏನು ಮಾಡಿದಿರಿ ಎಂದಷ್ಟೇ ಕೇಳುತ್ತಾರೆ. ಆರು ವರ್ಷದೊಳಗಿನ ಮಗು ಇರುವ ಮನೆಗಳಲ್ಲಿ 2021ರಲ್ಲಿ ಹೆಂಡತಿ ಮನೆಗೆಲಸ ಮತ್ತು ಮಗುವಿಗಾಗಿ ದಿನಕ್ಕೆ 7 ಗಂಟೆ 28 ನಿಮಿಷ ಕಳೆದಿದ್ದಾರೆ. ಗಂಡ 1 ಗಂಟೆ 54 ನಿಮಿಷ. ಐದು ವರ್ಷ ಹಿಂದೆ ಗಂಡನದು 1 ಗಂಟೆ 23 ನಿಮಿಷ ಇತ್ತು, ಅಂದರೆ ಏರುತ್ತಿದೆ. ಆದರೆ ಹತ್ತರಲ್ಲಿ ಒಂಬತ್ತು ಜನ "ಗಂಡನೂ ಮಾಡಬೇಕು" ಎನ್ನುವ ದೇಶದಲ್ಲಿ ಇಷ್ಟೇ. ಜನ ಸುಳ್ಳು ಹೇಳುತ್ತಿದ್ದಾರೆ ಎಂದು ನಾನು ನಂಬುವುದಿಲ್ಲ. ರಾತ್ರಿ ಮನೆಗೆ ಬರುವಷ್ಟರಲ್ಲಿ ಮಗು ಮಲಗಿರುವ ಕೆಲಸದ ಪದ್ಧತಿಯಲ್ಲಿ, ಮನಸ್ಸು ಬದಲಾದ ವೇಗಕ್ಕೆ ಗಡಿಯಾರ ಬದಲಾಗಲಿಲ್ಲ. ಈ ಎರಡರ ನಡುವಿನ ಅಂತರವೇ ಇವತ್ತಿನ ಜಪಾನಿನ ಸಂಸಾರಗಳ ದೊಡ್ಡ ಕಷ್ಟ ಎಂದು ನನಗೆ ಅನ್ನಿಸುತ್ತದೆ.

ನಿದ್ದೆಯ ಕಥೆಯೂ ದಿನಚರಿಯಲ್ಲಿ ಸಿಗುತ್ತದೆ. ಎನ್‌ಎಚ್‌ಕೆ ಲೆಕ್ಕದಲ್ಲಿ 1960ರಲ್ಲಿ ಕೆಲಸದ ದಿನಗಳಲ್ಲಿ ಜನ ಸರಾಸರಿ 8 ಗಂಟೆ 13 ನಿಮಿಷ ಮಲಗುತ್ತಿದ್ದರು. 2010ಕ್ಕೆ ಅದು 7 ಗಂಟೆ 14 ನಿಮಿಷಕ್ಕೆ ಇಳಿದು, ಆಮೇಲೆ ಅಲ್ಲೇ ಆಸುಪಾಸು ನಿಂತಿದೆ. ಐವತ್ತು ವರ್ಷದಲ್ಲಿ ಒಂದು ಗಂಟೆ ನಿದ್ದೆ ಹೋಯಿತು. ರೈಲಿನಲ್ಲಿ ನಿಂತುಕೊಂಡೇ ತೂಕಡಿಸುವವರನ್ನು ಕಂಡರೆ ನಿಮ್ಮ ತಂಗಿ ಇದನ್ನು ನೆನೆಸಿಕೊಳ್ಳಲಿ.

ನಿಮ್ಮ ತಂಗಿಗೆ ಕೆಲಸದ ಜಾಗದಲ್ಲಿ ಉಪಯೋಗಕ್ಕೆ ಬರುವ ಪ್ರಶ್ನೆ ಬೇರೆಯೇ ಇದೆ. ರಾಷ್ಟ್ರೀಯ ಗುಣದ ಸಮೀಕ್ಷೆಯಲ್ಲಿ ಇಬ್ಬರು ಮೇಲಧಿಕಾರಿಗಳ ಚಿತ್ರ ಕೊಡುತ್ತಾರೆ. ಮೊದಲನೆಯವರು ನಿಯಮ ಮೀರಿ ಕೆಲಸ ಹೇರುವುದಿಲ್ಲ, ಆದರೆ ಕೆಲಸದ ಹೊರಗೆ ನಿಮ್ಮ ಕಷ್ಟಸುಖ ಕೇಳುವುದಿಲ್ಲ. ಎರಡನೆಯವರು ಆಗಾಗ ನಿಯಮ ಬದಿಗಿಟ್ಟು ಜಾಸ್ತಿ ದುಡಿಸುತ್ತಾರೆ, ಆದರೆ ಕೆಲಸದ ಹೊರಗೂ ನಿಮ್ಮನ್ನು ಮನೆಯವರಂತೆ ನೋಡಿಕೊಳ್ಳುತ್ತಾರೆ. ಯಾರ ಕೈಕೆಳಗೆ ಕೆಲಸ ಮಾಡುತ್ತೀರಿ? 1953ರಲ್ಲೂ 2013ರಲ್ಲೂ ಹತ್ತರಲ್ಲಿ ಎಂಟಕ್ಕಿಂತ ಹೆಚ್ಚು ಜನ ಎರಡನೆಯವರನ್ನೇ ಆರಿಸಿದರು. ನಡುವೆ ಸ್ವಲ್ಪ ಏರಿಳಿತವಾಗಿದೆ, ಅಷ್ಟೇ. ಮದುವೆ, ಮಕ್ಕಳು, ಗಂಡು ಹೆಣ್ಣು ಎಲ್ಲದರ ಬಗ್ಗೆ ಮನಸ್ಸು ತಲೆಕೆಳಗಾದ ದೇಶದಲ್ಲಿ ಇದೊಂದು ನಿಂತಲ್ಲೇ ನಿಂತಿದೆ. ಹಿರಿಯ ಸಹೋದ್ಯೋಗಿ ಊಟಕ್ಕೆ ಕರೆದಾಗ, ಬಾಡಿಗೆ ಮನೆ ಸಿಕ್ಕಿತೇ ಎಂದು ವಿಚಾರಿಸಿದಾಗ ಅದನ್ನು ಇಣುಕಿ ನೋಡುವ ಚಟ ಎಂದುಕೊಳ್ಳಬಾರದು. ಹಾಗೆಯೇ, ಸಂಬಂಧದ ಹೆಸರಿನಲ್ಲಿ ಮಿತಿಮೀರಿ ದುಡಿಸಿದರೆ ಬೇಡ ಎನ್ನುವ ಹಕ್ಕು ನಿಮ್ಮ ತಂಗಿಗಿದೆ. ಹಾಗೆ ಹೇರುವುದನ್ನು ಇವತ್ತಿನ ಜಪಾನಿನಲ್ಲಿ ಕಾನೂನೂ ಒಪ್ಪುವುದಿಲ್ಲ.

ಮದುವೆಯ ಸುದ್ದಿಗಳಂತೂ ನಮ್ಮಲ್ಲಿ ಬಹಳ ಓಡಾಡುತ್ತವೆ. "ಜಪಾನಿನವರಿಗೆ ಮದುವೆಯೇ ಬೇಡವಂತೆ" ಎನ್ನುತ್ತಾರೆ. ಎನ್‌ಎಚ್‌ಕೆಯ 2018ರ ಸಮೀಕ್ಷೆಯಲ್ಲಿ ಶೇ 68 ಜನ ಮದುವೆ ಆಗಲೇಬೇಕೆಂದೇನಿಲ್ಲ ಎಂದದ್ದು ನಿಜ. ಅದನ್ನು ಹಾಗೇ ಓದಿ. ಆಗಲೇಬೇಕೆಂದೇನಿಲ್ಲ ಎಂದರೆ ನನಗೆ ಬೇಡ ಎಂದಲ್ಲ. ಮದುವೆಯಾಗದ ಯುವಕ ಯುವತಿಯರನ್ನೇ ಕೇಳುವ ಇನ್ನೊಂದು ಸರ್ಕಾರಿ ಸಮೀಕ್ಷೆ 2021ರಲ್ಲಿ ನಡೆಯಿತು. 18ರಿಂದ 34 ವರ್ಷದವರಲ್ಲಿ ಹುಡುಗರು ಶೇ 81, ಹುಡುಗಿಯರು ಶೇ 84 ಮುಂದೊಂದು ದಿನ ಮದುವೆಯಾಗುತ್ತೇವೆ ಎಂದರು. ಆದರೆ 2020ರ ಜನಗಣತಿ ಪ್ರಕಾರ ಐವತ್ತು ವರ್ಷವಾದರೂ ಮದುವೆಯಾಗದ ಗಂಡಸರು ಶೇ 28, ಹೆಂಗಸರು ಶೇ 18ರ ಹತ್ತಿರ. ಆಸೆ ಇದೆ, ಆಗುತ್ತಿಲ್ಲ. ಹಿಂದೆ ಹಿರಿಯರೇ ಜೋಡಿ ಕೂಡಿಸುತ್ತಿದ್ದರು. 1930ರ ದಶಕದಲ್ಲಿ ಹತ್ತರಲ್ಲಿ ಏಳರಷ್ಟು ಮದುವೆಗಳು ಹಾಗೆ ನಡೆದವು. 1960ರ ದಶಕದ ಕೊನೆಯಲ್ಲಿ ಪ್ರೇಮವಿವಾಹಗಳು ಅದನ್ನು ಹಿಂದೆ ಹಾಕಿದವು. ಕೂಡಿಸುವ ನೆಂಟರು ಹೋದರು, ಅವರ ಜಾಗಕ್ಕೆ ಬೇರೆ ಯಾರೂ ಬರಲಿಲ್ಲ. ಮದುವೆಯಾದ ದಂಪತಿಗಳನ್ನು ಕೇಳಿದರೆ, ಬಯಸಿದಷ್ಟು ಮಕ್ಕಳು ಯಾಕಿಲ್ಲ ಎಂಬುದಕ್ಕೆ ಅರ್ಧಕ್ಕಿಂತ ಜಾಸ್ತಿ ಜನ ಕೊಡುವ ಕಾರಣ ಸಾಕುವ, ಓದಿಸುವ ಖರ್ಚು.

ಇದರ ಜೊತೆಗೇ ಇನ್ನೊಂದು ಅಂಕಿ ನೋಡಿ. "ನಿಮಗೆ ಎಲ್ಲಕ್ಕಿಂತ ಮುಖ್ಯವಾದದ್ದು ಏನು?" ಎಂದು ಕೇಳಿ, ಏನು ಹೇಳಿದರೂ ಬರೆದುಕೊಳ್ಳುವ ಒಂದು ಪ್ರಶ್ನೆ ರಾಷ್ಟ್ರೀಯ ಗುಣದ ಸಮೀಕ್ಷೆಯಲ್ಲಿದೆ. 1958ರಲ್ಲಿ ಕುಟುಂಬ ಎಂದವರು ಶೇ 12. 2013ರಲ್ಲಿ ಶೇ 44. ಮದುವೆ ಕಡ್ಡಾಯ ಅಲ್ಲ ಎನ್ನುವವರು ಹೆಚ್ಚಿದ ಕಾಲದಲ್ಲೇ ಕುಟುಂಬವೇ ಎಲ್ಲಕ್ಕಿಂತ ದೊಡ್ಡದು ಎನ್ನುವವರೂ ಹೆಚ್ಚಿದ್ದಾರೆ. ಅಲ್ಲಿನವರಿಗೆ ಸಂಸಾರದ ಮೇಲೆ ಪ್ರೀತಿ ಇಲ್ಲ ಎಂದು ಯಾರಾದರೂ ಹೇಳಿದರೆ ದಯವಿಟ್ಟು ಇದನ್ನು ತೋರಿಸಿ.

ಪ್ರಶ್ನೆ ಕೇಳುವ ರೀತಿಯಿಂದ ಉತ್ತರ ಎಷ್ಟು ಬದಲಾಗುತ್ತದೆ ಎನ್ನುವುದಕ್ಕೂ ಜಪಾನಿನಲ್ಲಿ ಒಳ್ಳೆಯ ಉದಾಹರಣೆ ಇದೆ. ಅಲ್ಲಿನ ಕಾನೂನಿನಲ್ಲಿ ಗಂಡ ಹೆಂಡತಿಗೆ ಒಂದೇ ಮನೆತನದ ಹೆಸರು ಇರಬೇಕು. ನೂರಕ್ಕೆ 95ರಷ್ಟು ಮದುವೆಗಳಲ್ಲಿ ಹೆಸರು ಬಿಡುವವಳು ಹೆಂಡತಿ. ಬೇಕಾದವರು ಬೇರೆ ಬೇರೆ ಹೆಸರು ಇಟ್ಟುಕೊಳ್ಳಲು ಕಾನೂನು ಬದಲಿಸಬಹುದೇ ಎಂದು 2017ರಲ್ಲಿ ಸರ್ಕಾರ ಕೇಳಿದಾಗ ಶೇ 42.5 ಜನ ಬದಲಿಸಬಹುದು ಎಂದರು. 2021ರಲ್ಲಿ ಆಯ್ಕೆಗಳ ಮಾತನ್ನೇ ಬದಲಿಸಿ ಕೇಳಿದರು. ಒಂದೇ ಹೆಸರಿನ ಪದ್ಧತಿ ಇರಲಿ, ಆದರೆ ತವರಿನ ಹೆಸರನ್ನು ವ್ಯವಹಾರಕ್ಕೆ ಬಳಸಲು ಕಾನೂನಿನ ಅನುಕೂಲ ಇರಲಿ ಎಂಬ ಆಯ್ಕೆಗೆ ಶೇ 42.2 ಹೋಯಿತು. ಬೇರೆ ಹೆಸರಿನ ಆಯ್ಕೆ ಶೇ 28.9ಕ್ಕೆ ಇಳಿಯಿತು. ಬೇಕೇ ಬೇಡವೇ ಎಂದು 2024ರಲ್ಲಿ ಎನ್‌ಎಚ್‌ಕೆ ನೇರವಾಗಿ ಕೇಳಿದಾಗ ಶೇ 62 ಜನ ಬೇಕು ಎಂದರು. ನಡುವಿನ ಒಂದು ಮೃದುವಾದ ಆಯ್ಕೆ ಎದುರಿಗಿದ್ದರೆ ಜನ ಅತ್ತ ಹೋಗುತ್ತಾರೆ. ಇಂಥ ವಿಷಯದಲ್ಲಿ ಪೂರ್ತಿ ಪ್ರಶ್ನೆ ಓದದೆ ಅಂಕಿ ಹಂಚುವುದು ಅನ್ಯಾಯ. ಇದು ಹೆಸರು ಕಳೆದುಕೊಂಡ ಹೆಂಗಸರ ಬದುಕಿನ ವಿಷಯ.

"ಜಪಾನಿನಲ್ಲಿ ಎಲ್ಲರೂ ಮಧ್ಯಮ ವರ್ಗ" ಎಂಬ ಮಾತೂ ಅಷ್ಟೇ. ನಿಮ್ಮ ಜೀವನಮಟ್ಟ ಯಾವುದು ಎಂದು ಸರ್ಕಾರ ಕೇಳಿದಾಗ ಸುಮಾರು 1970ರಿಂದ ಶೇ 90ರಷ್ಟು ಜನ 'ನಡುವಿನದು' ಎನ್ನುತ್ತಲೇ ಬಂದಿದ್ದಾರೆ. ಕೊಟ್ಟ ಆಯ್ಕೆಗಳು ಐದು: ಮೇಲು, ನಡುವಿನ ಮೇಲು, ನಡುವಿನ ನಡು, ನಡುವಿನ ಕೆಳಗು, ಕೆಳಗು. ಐದರಲ್ಲಿ ಮೂರು ನಡುವಿನವೇ. 1990ರ ನಂತರ ಆರ್ಥಿಕತೆ ಕುಸಿದು ಕಾಯಂ ಅಲ್ಲದ ಕೆಲಸಗಳು ಹೆಚ್ಚಿದರೂ ಈ ಅಂಕಿ ಅಷ್ಟಾಗಿ ಕದಲಲಿಲ್ಲ. ಹಾಗಾಗಿ ಇದರಿಂದ ಸಂಪತ್ತಿನ ಹಂಚಿಕೆ ಅಳೆಯಬೇಡಿ.

ದೇವರು, ಧರ್ಮದ ಬಗ್ಗೆ ಒಂದೇ ಮಾತು. ನನಗೆ ಧರ್ಮಶ್ರದ್ಧೆ ಇದೆ ಎನ್ನುವವರು ಹತ್ತರಲ್ಲಿ ಮೂವರ ಹತ್ತಿರ, ಧಾರ್ಮಿಕ ಮನಸ್ಸು ಮುಖ್ಯ ಎನ್ನುವವರು ಹತ್ತರಲ್ಲಿ ಆರೇಳು. ಎರಡೂ ಒಟ್ಟಿಗೆ ನಿಜ.

ಭಾರತವೂ ಸೇರಿದ ಒಂದು ಸಮೀಕ್ಷೆ ಹೇಳಲೇಬೇಕು. ಜಪಾನಿನ ಸೇವಾಸಂಸ್ಥೆ ನಿಪ್ಪಾನ್ ಫೌಂಡೇಶನ್ 2019ರಲ್ಲಿ ಒಂಬತ್ತು ದೇಶಗಳ 17ರಿಂದ 19 ವರ್ಷದವರನ್ನು ಕೇಳಿತು. "ನನ್ನಿಂದ ದೇಶವನ್ನೋ ಸಮಾಜವನ್ನೋ ಬದಲಿಸಲು ಸಾಧ್ಯ" ಎಂದವರು ಜಪಾನಿನಲ್ಲಿ ಶೇ 18.3, ಒಂಬತ್ತರಲ್ಲೇ ಕಡಿಮೆ. ಭಾರತದಲ್ಲಿ ಶೇ 83.4. ಇದನ್ನು ನಮ್ಮ ಹೆಮ್ಮೆಗೆ ಬಳಸಿಕೊಳ್ಳುವುದು ನನಗೆ ಇಷ್ಟವಿಲ್ಲ. ಜಪಾನೀಯರು ಇಂಥ ಪ್ರಶ್ನೆಗಳಿಗೆ ತಮ್ಮನ್ನು ತಾವು ದೊಡ್ಡದು ಮಾಡಿ ಉತ್ತರಿಸುವುದು ಕಡಿಮೆ. ಎರಡು ತುದಿಗಳನ್ನು ಬಿಟ್ಟು ನಡುವಿನ ಆಯ್ಕೆಗೆ ಗುರುತು ಹಾಕುವ ರೂಢಿ ಅಲ್ಲಿ ಅಮೆರಿಕದವರಿಗಿಂತ ಹೆಚ್ಚು ಎಂದು ಶಾಲಾಮಕ್ಕಳ ಮೇಲೆ ನಡೆದ ಅಧ್ಯಯನಗಳಲ್ಲೂ ಕಂಡಿದೆ. ಹಾಗಾಗಿ ದೇಶ ದೇಶದ ಹೋಲಿಕೆಗಿಂತ ಜಪಾನನ್ನು ಹಳೆಯ ಜಪಾನಿನ ಜೊತೆ ಹೋಲಿಸುವುದನ್ನೇ ನಾನು ಹೆಚ್ಚು ನಂಬುತ್ತೇನೆ. ಆದರೂ ಇಷ್ಟು ಅಂತರ ರೂಢಿಯಿಂದಲೇ ಬಂದಿದೆ ಎನ್ನಲಾರೆ. ಆ ವಯಸ್ಸಿನ ಮಕ್ಕಳು ನಿಜವಾಗಿಯೂ ಕೈಚೆಲ್ಲಿದ್ದಾರೆ ಎಂಬ ಚಿಂತೆ ಅಲ್ಲಿನ ಶಿಕ್ಷಕರಿಗೂ ಇದೆ.

ಕೊನೆಗೆ ಒಂದು ಎಚ್ಚರಿಕೆ. ಉತ್ತರ ಕೊಡುವವರೇ ಕಡಿಮೆಯಾಗುತ್ತಿದ್ದಾರೆ. ರಾಷ್ಟ್ರೀಯ ಗುಣದ ಸಮೀಕ್ಷೆಗೆ 1953ರಲ್ಲಿ ಆರಿಸಿದವರಲ್ಲಿ ಶೇ 83 ಜನ ಉತ್ತರ ಕೊಟ್ಟಿದ್ದರು, 2013ರಲ್ಲಿ ಅರ್ಧದಷ್ಟು ಜನ. ಬಾಗಿಲು ತೆರೆಯದವರಲ್ಲಿ ಒಂಟಿಯಾಗಿರುವ ಯುವಕರು, ತಡರಾತ್ರಿವರೆಗೆ ದುಡಿಯುವವರು ಜಾಸ್ತಿ. ಅವರ ದನಿ ಈ ಅಂಕಿಗಳಲ್ಲಿ ಸ್ವಲ್ಪ ತಗ್ಗಿಯೇ ಇರುತ್ತದೆ. ಇವನ್ನು ನೀವೇ ನೋಡಬೇಕೆಂದರೆ, ರಾಷ್ಟ್ರೀಯ ಗುಣದ ಸಮೀಕ್ಷೆ ನಡೆಸುವ ಜಪಾನಿನ ಸಂಖ್ಯಾಶಾಸ್ತ್ರ ಸಂಸ್ಥೆಯ ಜಾಲತಾಣದಲ್ಲಿ ಅದರ ಕೋಷ್ಟಕಗಳು ಇಂಗ್ಲಿಷಿನಲ್ಲೂ ಇವೆ, ದುಡ್ಡು ಕೊಡಬೇಕಿಲ್ಲ. ನಿಮ್ಮ ತಂಗಿ ಹೊರಡುವ ಮುಂಚೆ ಮೇಲಧಿಕಾರಿಯ ಪ್ರಶ್ನೆಯಿಂದ ಶುರುಮಾಡಲಿ. ಕೋಷ್ಟಕದಲ್ಲಿ ಏನಾದರೂ ಅರ್ಥವಾಗದಿದ್ದರೆ ಇಲ್ಲೇ ಕೇಳಿ, ಹೇಳುತ್ತೇನೆ.